ಮುಂದಿನ ಎರಡು ಚಕ್ರಗಳ ವಂಶಾವಳಿ

ಹಳೆಯ ಕಾರಿಗೆ ಮುಂದುಗಡೆ ಡಿಸ್ಕ್ ಬ್ರೇಕ್ ಹಾಕಿಸಲು ಹೊರಟವರು ಸಾಮಾನ್ಯವಾಗಿ ಅಂಗಡಿಯಿಂದ ಶುರುಮಾಡುತ್ತಾರೆ. ಯಾವ ಕ್ಯಾಲಿಪರ್ ಗಟ್ಟಿ, ಎಷ್ಟು ಇಂಚಿನ ಡಿಸ್ಕ್ ಕೂರುತ್ತದೆ, ಯಾವ ಪ್ಯಾಡ್ ಚೆನ್ನಾಗಿ ಹಿಡಿಯುತ್ತದೆ ಎಂಬ ವಿಚಾರಣೆ ನಡೆಯುತ್ತದೆ. ಕೈಯಲ್ಲಿ ದುಡ್ಡಿದ್ದವರು ದೊಡ್ಡದನ್ನೂ ಹೊಳೆಯುವುದನ್ನೂ ಆರಿಸಿಕೊಳ್ಳುತ್ತಾರೆ. ಡಿಸ್ಕ್ ಬ್ರೇಕ್ ರೇಸಿನಿಂದ ರಸ್ತೆಗೆ ಇಳಿದ 1950 ಮತ್ತು 60ರ ದಶಕಗಳ ಚರಿತ್ರೆಯನ್ನು ಗಮನಿಸಿದವರಿಗೆ ಈ ಕ್ರಮವೇ ತಲೆಕೆಳಗು ಎನ್ನಿಸೀತು. ಆ ಕಾಲದಲ್ಲಿ ಎಷ್ಟೋ ಕಂಪನಿಗಳು ತಮ್ಮದೇ ಡ್ರಮ್ ಬ್ರೇಕಿನ ಕಾರುಗಳನ್ನು ಮಾರಾಟದ ನಡುವೆಯೇ ಡಿಸ್ಕಿಗೆ ಬದಲಾಯಿಸಿದವು. ಬದಲಾಯಿಸುವಾಗ ಡಿಸ್ಕೊಂದನ್ನೇ ತಂದು ತಗುಲಿಸಲಿಲ್ಲ. ಅದರ ಹಿಂದೆ ಹಬ್, ಬೇರಿಂಗ್, ಮಾಸ್ಟರ್ ಸಿಲಿಂಡರ್, ಪೈಪುಗಳು, ಕೆಲವು ಕಾರುಗಳಲ್ಲಿ ರಿಮ್ಮು ಕೂಡ ಬದಲಾದವು. ಆದ್ದರಿಂದ ಇಂದು ಬಿಡಿಭಾಗ ಆರಿಸುವವನು ಕ್ಯಾಟಲಾಗು ತೆರೆಯುವ ಮುಂಚೆ ತನ್ನ ಕಾರಿನ ವಂಶಾವಳಿಯನ್ನು ತೆರೆಯಬೇಕು: ಆ ಮನೆತನದಲ್ಲಿ ಡಿಸ್ಕ್ ಮೊದಲು ಬಂದದ್ದು ಯಾವ ಕಾರಿಗೆ, ಅದರ ಜೊತೆಯಲ್ಲಿ ಇನ್ನೇನೇನು ಬಂತು ಎಂದು ನೋಡಬೇಕು. ನನ್ನ ವಾದ ಇಷ್ಟೆ. ಇದಕ್ಕೆ ಆಕ್ಷೇಪಗಳಿವೆ, ಕೆಲವು ತೂಕದವೂ ಹೌದು.

ಮುಂದುಗಡೆಯೇ ಯಾಕೆ ಎಂಬುದಕ್ಕೆ ಉತ್ತರ ಸುಲಭ. ಬ್ರೇಕ್ ಒತ್ತಿದ ಕೂಡಲೇ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ನಿಲ್ಲಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು, ಜೋರಾಗಿ ಒತ್ತಿದಾಗ ಅದಕ್ಕೂ ಹೆಚ್ಚು, ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. 1000 ಕಿಲೋ ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 247 ಕಿಲೋಜೂಲ್. ವೇಗ 100ಕ್ಕೆ ಏರಿದರೆ 386. ಇಪ್ಪತ್ತು ಕಿ.ಮೀ. ಹೆಚ್ಚಿದ್ದಕ್ಕೆ ಬ್ರೇಕಿನ ಕೆಲಸ ಒಂದೂವರೆ ಪಟ್ಟು ಮೀರಿತು. ಇದಷ್ಟೂ ಶಾಖವಾಗಿ ಎಲ್ಲೋ ಹೋಗಬೇಕು. ಡ್ರಮ್ಮಿನಲ್ಲಿ ಅದು ಮುಚ್ಚಿದ ಬೋಗುಣಿಯೊಳಗೆ ಉಳಿಯುತ್ತದೆ, ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕಿಳಿಯುತ್ತದೆ. ಡ್ರಮ್ಮಿಗೆ ಒಂದು ಒಳ್ಳೆಯ ಗುಣವಿದೆ: ಚಕ್ರ ತಿರುಗುವ ದಿಕ್ಕಿಗೆ ಎದುರಾದ ಶೂ ತನ್ನನ್ನು ತಾನೇ ಒಳಕ್ಕೆ ಎಳೆದುಕೊಂಡು ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಆ ಗುಣವೇ ಕಾದಾಗ ದೋಷವಾಗುತ್ತದೆ. ಲೈನರಿನ ಹಿಡಿತ ಸ್ವಲ್ಪ ಇಳಿದರೆ ಬ್ರೇಕ್ ಬಹಳ ಇಳಿಯುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವ ಹಳೆಯ ಕಾರುಗಳು ಎರಡನೇ ಗೇರಿನಲ್ಲಿ ಗುರುಗುಟ್ಟುತ್ತ ಇಳಿಯುವುದು ಇದಕ್ಕೇ. ಡಿಸ್ಕ್ ಗಾಳಿಗೆ ತೆರೆದುಕೊಂಡಿದೆ, ಕಾದು ದಪ್ಪವಾದರೂ ಪ್ಯಾಡಿನ ಕಡೆಗೇ ಬರುತ್ತದೆ. ಆದರೆ ಅದು ತನಗೆ ತಾನು ಸಹಾಯ ಮಾಡಿಕೊಳ್ಳುವುದಿಲ್ಲ. ಅಷ್ಟೇ ಹಿಡಿತಕ್ಕೆ ಹೆಚ್ಚು ಒತ್ತಡ ಬೇಡುತ್ತದೆ. ಡಿಸ್ಕಿನ ಜೊತೆಗೆ ಬಂದ ಉಳಿದೆಲ್ಲ ಭಾಗಗಳ ಕತೆ ಈ ಬೇಡಿಕೆಯಿಂದ ಹುಟ್ಟಿದ್ದು.

ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ತಾಮ್ರದ ಪ್ಯಾಡು ಲೋಹದ ಡಿಸ್ಕನ್ನು ಉಜ್ಜಿದರೆ ಎಂಥ ಕಿರುಚಾಟ ಏಳುತ್ತದೆಂದು ಊಹಿಸಿಕೊಳ್ಳಬಹುದು. ಹರ್ಬರ್ಟ್ ಫ್ರೂಡ್ ಆಸ್ಬೆಸ್ಟಾಸ್ ಲೈನರ್ ತಯಾರಿಸಿದ ಮೇಲೆ ಸದ್ದಿನ ಸಮಸ್ಯೆ ತೀರಬಹುದಿತ್ತು, ಆದರೂ ಡಿಸ್ಕ್ ಮೇಲೇಳಲಿಲ್ಲ. ಸರಳುಗಳೂ ಕೇಬಲ್ಲುಗಳೂ ಬ್ರೇಕ್ ಎಳೆಯುತ್ತಿದ್ದ ಆ ಕಾಲದಲ್ಲಿ ಡಿಸ್ಕ್ ಬೇಡುವಷ್ಟು ಬಲ ಕೊಡುವ ದಾರಿಯೇ ಇರಲಿಲ್ಲ; ತಾನೇ ಎಳೆದುಕೊಳ್ಳುವ ಡ್ರಮ್ಮು ಅಗ್ಗವೂ ಆಗಿತ್ತು. ಹೈಡ್ರಾಲಿಕ್ ಬ್ರೇಕ್ 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಬಂತು, ಡಿಸ್ಕ್ ವಿಮಾನಗಳ ಚಕ್ರ ಸೇರಿತು, ಎರಡನೇ ಮಹಾಯುದ್ಧ ಮುಗಿಯಿತು. 1949ರಲ್ಲಿ ಅಮೆರಿಕದ ಕ್ರಾಸ್ಲಿ ಕಂಪನಿ ವಿಮಾನದ ಮಾದರಿಯ ಡಿಸ್ಕ್ ಬ್ರೇಕನ್ನು ತನ್ನ ಪುಟ್ಟ ಕಾರುಗಳಿಗೆ ಕೂರಿಸಿತು. ಹಿಮ ಕರಗಲು ರಸ್ತೆಗೆ ಎರಚುವ ಉಪ್ಪು, ಕೆಸರು ಅವನ್ನು ಸ್ವಲ್ಪ ಕಾಲದಲ್ಲೇ ತಿಂದು ಜಾಮ್ ಮಾಡಿದವು. ಕಂಪನಿ ಡ್ರಮ್ಮಿಗೆ ಹಿಂದಿರುಗಿತು, ಕೊಂಡವರಲ್ಲಿ ಅನೇಕರೂ ಹಿಂದಿರುಗಿದರು. ವಿಮಾನದಲ್ಲಿ ನಿರ್ದೋಷಿಯಾಗಿದ್ದ ಭಾಗ ಕಾರಿನಲ್ಲಿ ಸೋತದ್ದು ಭಾಗದ ತಪ್ಪಲ್ಲ. ಬೇರೆ ಕೆಲಸಕ್ಕೆಂದು ಹುಟ್ಟಿದ್ದನ್ನು ಸುತ್ತಲಿನ ಏನನ್ನೂ ಬದಲಿಸದೆ ಇಲ್ಲಿಗೆ ತಂದದ್ದು ತಪ್ಪು. ಇಂದು ‘ರೇಸಿಂಗ್ ಕ್ಯಾಲಿಪರ್’ ಎಂಬ ಹೆಸರಿಗೆ ಮಾರುಹೋಗುವವರು ಕ್ರಾಸ್ಲಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಜಾಗ್ವಾರ್ ಮತ್ತು ಡನ್ಲಪ್ ಕಂಪನಿಗಳ ಕತೆ ಇದಕ್ಕೆ ತದ್ವಿರುದ್ಧ. 1952ರ ಮಿಲ್ಲೆ ಮಿಲ್ಯಾ ಓಟದಲ್ಲಿ ಸ್ಟರ್ಲಿಂಗ್ ಮಾಸ್ ಮತ್ತು ಜಾಗ್ವಾರಿನ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಡಿಸ್ಕ್ ಬ್ರೇಕಿನ ಸಿ-ಟೈಪ್ ಓಡಿಸಿದರು. 1953ರಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಅಂಥದೇ ಕಾರಿನಲ್ಲಿ ಲೆ ಮಾನ್ಸ್ ಗೆದ್ದರು. 24 ಗಂಟೆಗಳ ಆ ಓಟದ ಸರಾಸರಿ ವೇಗ ಗಂಟೆಗೆ ನೂರು ಮೈಲಿ ದಾಟಿದ್ದು ಅದೇ ಮೊದಲು. ಗೆಲುವಿಗಿಂತ ಅದಕ್ಕೆ ಮುಂಚಿನ ತೊಂದರೆಗಳು ನಮಗೆ ಹೆಚ್ಚು ಕಲಿಸುತ್ತವೆ. ಬ್ರೇಕ್ ಆಯಿಲ್ ಕುದಿಯಿತು. ತಿರುವಿನಲ್ಲಿ ಹಬ್ ಕೂದಲೆಳೆಯಷ್ಟು ಬಾಗಿದರೂ ಓಲಾಡುವ ಡಿಸ್ಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿಬಿಡುತ್ತಿತ್ತು. ಮುಂದಿನ ಸಲ ಒತ್ತಿದಾಗ ಪೆಡಲ್ ನೆಲದವರೆಗೆ ಹೋಗುತ್ತಿತ್ತು. ಡ್ರಮ್ಮಿಗೆ ಲೆಕ್ಕವೇ ಅಲ್ಲದ ಬೇರಿಂಗಿನ ಸಡಿಲ ಡಿಸ್ಕಿಗೆ ಪ್ರಾಣಸಂಕಟ. ಪರಿಹಾರ ಸಿಕ್ಕಿದ್ದು ಕ್ಯಾಲಿಪರಿನಲ್ಲೊಂದೇ ಅಲ್ಲ, ಅದನ್ನು ಹೊತ್ತ ಎಲ್ಲದರಲ್ಲಿ. 1955ರ ಲೆ ಮಾನ್ಸ್ ದುರಂತವನ್ನು ಡಿಸ್ಕಿಗೂ ಡ್ರಮ್ಮಿಗೂ ನಡೆದ ತಿಕ್ಕಾಟವೆಂಬಂತೆ ಹೇಳುವವರಿದ್ದಾರೆ: ಹಾಥಾರ್ನ್‌ನ ಜಾಗ್ವಾರ್ ಡಿಸ್ಕಿನ ಬಲದಿಂದ ಥಟ್ಟನೆ ನಿಧಾನಿಸಿತು, ಡ್ರಮ್ಮಿನ ಮರ್ಸಿಡಿಸ್‌ಗೆ ಅದು ಸಾಧ್ಯವಾಗಲಿಲ್ಲ ಎಂದು. ಆದರೆ ಇಬ್ಬರ ನಡುವೆ ಸಿಕ್ಕಿ ಪಕ್ಕಕ್ಕೆ ಸರಿದ ಮ್ಯಾಕ್ಲಿನ್‌ನ ಆಸ್ಟಿನ್-ಹೀಲಿ 100ಎಸ್ ಕಾರಿಗೂ ಡಿಸ್ಕೇ ಇತ್ತು. ಎಂಬತ್ತಕ್ಕೂ ಹೆಚ್ಚು ಜನರ ಸಾವನ್ನು ಬ್ರೇಕಿನ ಒಂದು ಗೆರೆಯಲ್ಲಿ ವಿವರಿಸಲು ಆಗುವುದಿಲ್ಲ. ಆ ವಾದವನ್ನು ನಾನು ಬಳಸುವುದೂ ಇಲ್ಲ.

ರಸ್ತೆಯ ಕಾರುಗಳಿಗೆ ಬಂದರೆ ಚಿತ್ರ ಸ್ಪಷ್ಟವಾಗುತ್ತದೆ. 1955ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಕಂಡ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಡಿಸ್ಕುಗಳು ಗೇರ್‌ಬಾಕ್ಸಿನ ಮಗ್ಗುಲಲ್ಲಿದ್ದವು, ಅವುಗಳಿಗೆ ಒತ್ತಡ ಕೊಡಲು ಇಡೀ ಕಾರಿನ ಹೈಡ್ರಾಲಿಕ್ ಪಂಪೇ ಇತ್ತು. 1956ರಲ್ಲಿ ಟ್ರಯಂಫ್ ಟಿಆರ್3ಗೆ ಗಿರ್ಲಿಂಗ್ ಡಿಸ್ಕುಗಳು ಬಂದವು, 1959ರಲ್ಲಿ ಎಂಜಿಎ 1600ಕ್ಕೆ ಲಾಕ್‌ಹೀಡ್‌ನವು, 1962ರಲ್ಲಿ ಎಂಜಿ ಮಿಡ್ಜೆಟ್ಟಿಗೆ. ಈ ಮೂರರಲ್ಲೂ ಹಿಂದುಗಡೆ ಡ್ರಮ್ಮೇ ಉಳಿಯಿತು. ಹ್ಯಾಂಡ್ ಬ್ರೇಕಿಗೆ ಅದೇ ಅನುಕೂಲ, ಹಿಂದಿನ ಚಕ್ರಗಳ ಕೆಲಸಕ್ಕೆ ಅಷ್ಟೇ ಸಾಕು. ಜರ್ಮನಿಯ ಉದಾಹರಣೆಗಳು ಇನ್ನೂ ಮೊನಚು. 1963ರಲ್ಲಿ ಪೋರ್ಷೆ 356ಸಿಗೆ ಡಿಸ್ಕ್ ಬಂದಾಗ ಚಕ್ರದ ಬೋಲ್ಟುಗಳ ವೃತ್ತವೇ 205 ಮಿ.ಮೀ.ನಿಂದ 130ಕ್ಕೆ ಕುಗ್ಗಿತು, ಹಳೆಯ ರಿಮ್ ಹೊಸ ಹಬ್ಬಿಗೆ ಕೂರದಾಯಿತು. 1966ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ 1500ಕ್ಕೆ ಡಿಸ್ಕ್ ಬಂದಾಗ ಐದು ಬೋಲ್ಟಿನ ಚಕ್ರ ಹೋಗಿ ನಾಲ್ಕು ಬೋಲ್ಟಿನದು ಬಂತು. ಹಳೆಯ ರಿಮ್ಮನ್ನೇ ಉಳಿಸಿಕೊಂಡು ಡಿಸ್ಕ್ ಕೂರಿಸುವುದು ಸುಲಭವಿದ್ದಿದ್ದರೆ, ಪೈಸೆ ಪೈಸೆ ಲೆಕ್ಕ ಹಾಕುವ ಕಂಪನಿ ಲಕ್ಷಗಟ್ಟಲೆ ರಿಮ್ಮುಗಳ ಅಚ್ಚು ಬದಲಿಸುವ ಖರ್ಚಿಗೆ ಇಳಿಯುತ್ತಿರಲಿಲ್ಲ.

ಈ ವಾದವನ್ನು ಪರೀಕ್ಷಿಸಲು ಮಾರಿಸ್ ಮೈನರ್‌ಗಿಂತ ಒಳ್ಳೆಯ ಕಾರಿಲ್ಲ, ಏಕೆಂದರೆ ಅದಕ್ಕೆ ಕಂಪನಿಯಿಂದ ಡಿಸ್ಕ್ ಬರಲೇ ಇಲ್ಲ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ 918 ಸಿಸಿ ಎಂಜಿನ್ನೊಂದಿಗೆ, 7 ಇಂಚಿನ ಡ್ರಮ್ಮುಗಳೊಂದಿಗೆ ಹೊರಬಂತು. 1962ರಲ್ಲಿ ಎಂಜಿನ್ 1098 ಸಿಸಿ ಆದಾಗ ಮುಂದಿನ ಡ್ರಮ್ 8 ಇಂಚಾಯಿತು, ಅಲ್ಲಿಗೆ ನಿಂತಿತು. ಹದಿನಾರು ಲಕ್ಷ ದಾಟಿ ತಯಾರಾದ ಕಾರು. ಇಂಗ್ಲೆಂಡಿನಲ್ಲಿ ಇಂದೂ ದಿನಬಳಕೆಗೆ ಓಡಿಸುವವರಿದ್ದಾರೆ. ಅವರು ಬ್ರೇಕಿಗಾಗಿ ಹುಡುಕಾಡಿದ ದಾರಿ ಕುತೂಹಲದ್ದು. ಮೊದಲು ಕಣ್ಣಿಗೆ ಬಿದ್ದದ್ದು 1957ರಲ್ಲಿ ಮೈನರಿನ ತಳಹದಿಯ ಮೇಲೆಯೇ ಕಟ್ಟಿದ ವೂಲ್ಸ್‌ಲಿ 1500 ಮತ್ತು ರೈಲಿ 1.5. ಇವು 1489 ಸಿಸಿಯ, ತೂಕದ ಕಾರುಗಳು. ಮುಂದಿನ ಡ್ರಮ್ 9 ಇಂಚು. ಅದನ್ನು ಬಿಚ್ಚಿ ಮೈನರಿಗೆ ಹಾಕಿದರು. ಡಿಸ್ಕ್ ಬೇಕೆಂದವರಿಗೆ ಸಿಕ್ಕಿದ್ದು 1971ರ ಮಾರಿಸ್ ಮರೀನಾ. ಮೈನರಿನ ಉತ್ತರಾಧಿಕಾರಿಯೆಂದು ಬಂದ ಈ ಕಾರಿನ ಮುಂದಿನ ಸಸ್ಪೆನ್ಷನ್, ತಿರುಚು ಸರಳು ಮತ್ತು ಲಿವರ್ ಶಾಕ್ ಅಬ್ಸಾರ್ಬರ್ ಸಮೇತ, ಮೈನರಿನಿಂದಲೇ ಬಂದದ್ದು. ಚಕ್ರದ ನಾಲ್ಕು ಬೋಲ್ಟುಗಳ ವೃತ್ತವೂ ಅದೇ 4 ಇಂಚು. 1.8 ಲೀಟರಿನ ಮರೀನಾಕ್ಕೆ ಮುಂದೆ ಡಿಸ್ಕಿತ್ತು. ಬ್ರಿಟಿಷ್ ಪತ್ರಿಕೆಗಳು ವರ್ಷಗಟ್ಟಲೆ ಗೇಲಿಮಾಡಿದ ಮರೀನಾ ಹೀಗೆ ಗುಜರಿ ಸೇರಿದ ಮೇಲೆ ತನ್ನ ಅಂಗಾಂಗಗಳನ್ನು ಜನಪ್ರಿಯ ಅಣ್ಣನಿಗೆ ದಾನಮಾಡಿತು. ಕಂಪನಿ ಮಾಡದೆ ಬಿಟ್ಟ ಕೆಲಸವನ್ನು ಹವ್ಯಾಸಿಗಳು ಮಾಡಿ ಮುಗಿಸಿದರು, ಆದರೆ ಕಂಪನಿಯ ವಂಶವೃಕ್ಷದೊಳಗೇ ಕೈಹಾಕಿ ಮಾಡಿದರು.

ಅಷ್ಟಾದರೂ ಕೆಲಸ ಪೂರ್ತಿಯಾಗಲಿಲ್ಲ ಎಂಬುದಕ್ಕೆ ಮೈನರಿನ ಮಾಸ್ಟರ್ ಸಿಲಿಂಡರನ್ನು ನೋಡಬೇಕು. ಅದು ಬಾನೆಟ್ಟಿನೊಳಗಿಲ್ಲ, ಚಾಲಕನ ಕಾಲಡಿಯಲ್ಲಿ, ಚಾಸಿಯ ತೊಲೆಯೊಳಗೆ ಕೂತಿದೆ. ಬ್ರೇಕ್ ಆಯಿಲ್ ಹಾಕಬೇಕಾದರೆ ಕಾರ್ಪೆಟ್ ಎತ್ತಿ, ನೆಲದ ಮುಚ್ಚಳ ತೆಗೆಯಬೇಕು. ಕ್ಯಾಲಿಪರಿಗಿಂತ ಸಿಲಿಂಡರ್ ಕೆಳಗಿರುವುದರಿಂದ ಆಯಿಲ್ ತಾನಾಗಿ ಹಿಂದಕ್ಕಿಳಿಯಬಹುದು; ಅದನ್ನು ತಡೆಯಲು ಮುಂದಿನ ಪೈಪಿನಲ್ಲಿ ಸುಮಾರು 2 ಪಿಎಸ್‌ಐ ಒತ್ತಡ ಉಳಿಸುವ ಪುಟ್ಟ ವಾಲ್ವ್ ಬೇಕು. ಡ್ರಮ್ಮಿಗೆಂದು ಮಾಡಿದ ಸಿಲಿಂಡರಿನಲ್ಲಿ ಇದಕ್ಕಿಂತ ಜೋರಾದ, ಸುಮಾರು 10 ಪಿಎಸ್‌ಐ ಹಿಡಿದಿಡುವ ವಾಲ್ವ್ ಮೊದಲೇ ಇರುತ್ತದೆ. ಅದನ್ನು ತೆಗೆಯದೆ ಡಿಸ್ಕ್ ಹಾಕಿದರೆ ಪ್ಯಾಡು ಯಾವಾಗಲೂ ಉಜ್ಜುತ್ತಲೇ ಇದ್ದು ಹಬ್ ಕಾಯುತ್ತದೆ. ಇನ್ನು ಆಯಿಲಿನ ಲೆಕ್ಕ. 54 ಮಿ.ಮೀ. ವ್ಯಾಸದ ಕ್ಯಾಲಿಪರ್ ಪಿಸ್ಟನ್ನಿನ ಮುಖ ಸುಮಾರು 22.9 ಚದರ ಸೆಂ.ಮೀ. ಬೇರಿಂಗ್ ಸಡಿಲದಿಂದ ನಾಲ್ಕು ಪಿಸ್ಟನ್ನುಗಳೂ 0.2 ಮಿ.ಮೀ. ಹಿಂದೆ ಸರಿದಿದ್ದರೆ, ಅವನ್ನು ಮತ್ತೆ ಡಿಸ್ಕಿಗೆ ಮುಟ್ಟಿಸಲಿಕ್ಕೇ 1.8 ಸಿಸಿ ಆಯಿಲ್ ಬೇಕು. 7/8 ಇಂಚಿನ ಮಾಸ್ಟರ್ ಸಿಲಿಂಡರಿನಲ್ಲಿ ಅದು 4.7 ಮಿ.ಮೀ. ಚಲನೆ, ಪೆಡಲಿನ ಅನುಪಾತ ಐದಿದ್ದರೆ ಕಾಲು 24 ಮಿ.ಮೀ. ಇಳಿಯಬೇಕು, ಅದೂ ಬ್ರೇಕ್ ಹಿಡಿಯುವುದಕ್ಕೆ ಮುಂಚೆ. ದೊಡ್ಡ ಸಿಲಿಂಡರ್ ಹಾಕಿದರೆ ಚಲನೆ ಕಡಿಮೆಯಾಗಿ ಕಾಲಿನ ಬಲ ಹೆಚ್ಚು ಬೇಕಾಗುತ್ತದೆ, ಆಗ ಬೂಸ್ಟರಿನ ಮಾತು ಬರುತ್ತದೆ. ಒಂದು ಭಾಗ ಆರಿಸಿದವನು ಐದು ಭಾಗ ಆರಿಸಿದ ಹಾಗೆ.

ಕಂಪನಿ ಮಾಡಿದ್ದೆಲ್ಲ ಸರಿಯೇ ಎಂಬ ಪ್ರಶ್ನೆ ಮೊದಲ ಆಕ್ಷೇಪ. ಸರಿಯಲ್ಲ. 1961ರ ಮಿನಿ ಕೂಪರಿನ 7 ಇಂಚಿನ ಡಿಸ್ಕುಗಳು ಆ ಕಾರಿನ ವೇಗಕ್ಕೆ ಸಾಲಲಿಲ್ಲವೆಂಬುದು ಎಲ್ಲರಿಗೂ ಗೊತ್ತು. 1963ರ ಕೂಪರ್ ಎಸ್‌ಗೆ ದಪ್ಪನೆಯ 7.5 ಇಂಚಿನವು ಬಂದವು. ಮೊದಲೇ ದೊಡ್ಡದನ್ನು ಯಾಕೆ ಹಾಕಲಿಲ್ಲ? ಮಿನಿಯ ಚಕ್ರವೇ 10 ಇಂಚು, ಅದರೊಳಗೆ ಕ್ಯಾಲಿಪರೂ ಕೂರಬೇಕು. ಮುಂದೆ 12 ಇಂಚಿನ ಚಕ್ರ ಬಂದ ಮೇಲೆ 8.4 ಇಂಚಿನ ಡಿಸ್ಕ್ ಬಂತು. ಅಂದರೆ ವಂಶಾವಳಿಯನ್ನು ಕೊನೆಯವರೆಗೆ ಓದಬೇಕು. ಮೊದಲ ಡಿಸ್ಕ್ ಕಂಡ ಕೂಡಲೇ ಪುಸ್ತಕ ಮುಚ್ಚಬಾರದು. ಕೂಪರಿನ ಹೆಸರಿನ ಮೋಹಕ್ಕೆ ಸಾಮಾನ್ಯ ಮಿನಿಗೆ ಹಳೆಯ 7 ಇಂಚಿನ ಸೆಟ್ಟು ಹುಡುಕಿ ಹಾಕುವವನಿಗಿಂತ, ಒಳ್ಳೆಯ ಡ್ರಮ್ಮನ್ನು ಸರಿಯಾಗಿ ಅಡ್ಜಸ್ಟ್ ಮಾಡಿಸಿಕೊಂಡವನು ಜಾಣ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿ: ಹಳೆಯ ಡಿಸ್ಕುಗಳಿಗಿಂತ ಇಂದಿನ ಕಿಟ್ಟುಗಳು ಎಷ್ಟೋ ಮೇಲು, ಮರೀನಾ ಗುಜರಿಯಲ್ಲೂ ಸಿಗುವುದಿಲ್ಲ, ಮತ್ತೇಕೆ ವಂಶದ ಗೊಡವೆ? ಇದರಲ್ಲಿ ನಿಜವಿದೆ. 1965ರ ಷೆವ್ರೊಲೆ ಕಾರ್ವೆಟ್ಟಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬಂದಾಗ ಕ್ಯಾಲಿಪರಿನ ಸಿಲಿಂಡರುಗಳು ಒಳಗಿನಿಂದ ತುಕ್ಕು ಹಿಡಿದು ಸೋರುತ್ತಿದ್ದವು. ಅವಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಒಳಕವಚ ಹಾಕುವ ವಿದ್ಯೆ ಕಲಿತವರು ಹೊರಗಿನ ರಿಪೇರಿಯವರು. ಇಲ್ಲಿ ಕಂಪನಿಗಿಂತ ಮಾರುಕಟ್ಟೆಯೇ ಗೆದ್ದಿತು, ಒಪ್ಪಿಕೊಳ್ಳೋಣ. ಆದರೆ ಒಳ್ಳೆಯ ಕಿಟ್ ಎಂದರೆ ಯಾರೋ ಒಬ್ಬ ಎಂಜಿನಿಯರ್ ಆ ಇಡೀ ಸಂಸಾರದ ಲೆಕ್ಕವನ್ನು ಮಾಡಿಟ್ಟ ಪೆಟ್ಟಿಗೆ. ಮಾಸ್ಟರ್ ಸಿಲಿಂಡರಿನ ಅಳತೆ, ವಾಲ್ವ್, ಹಬ್ ಬೇರಿಂಗ್, ಯಾವ ರಿಮ್ಮಿಗೆ ಕ್ಯಾಲಿಪರ್ ತಾಗುತ್ತದೆ ಎಂಬ ವಿವರ ಕೊಡದೆ ಡಿಸ್ಕು, ಕ್ಯಾಲಿಪರು, ಬ್ರ್ಯಾಕೆಟ್ಟು ಮಾತ್ರ ಕಳಿಸುವವರ ಸರಕು ಕ್ರಾಸ್ಲಿಯ ತಪ್ಪನ್ನು ಮತ್ತೆ ಮಾರುತ್ತಿದೆ. ಪ್ಯಾಡಿನ ವಿಷಯದಲ್ಲೂ ಹೀಗೆಯೇ. ಹಳೆಯ ಬ್ರೇಕುಗಳ ಲೆಕ್ಕವೆಲ್ಲ ಆಸ್ಬೆಸ್ಟಾಸಿನ ಹಿಡಿತದ ಮೇಲೆ ನಿಂತಿತ್ತು. ಬ್ರಿಟನ್ನಿನಲ್ಲಿ 1999ರಲ್ಲಿ ಅದಕ್ಕೆ ನಿಷೇಧ ಬಿತ್ತು. ರೇಸಿನ ಪ್ಯಾಡುಗಳು ಕಾದಾಗಲೇ ಹಿಡಿಯುವಂಥವು, ಬೆಳಗ್ಗೆ ಗೇಟಿನಿಂದ ಹೊರಟ ತಣ್ಣನೆಯ ಕಾರಿಗೆ ಅವು ಅಪಾಯ. ಬೂಸ್ಟರಿಲ್ಲದ ಹಗುರ ಕಾರಿಗೆ ಮೃದುವಾದ ಸಾಮಾನ್ಯ ಪ್ಯಾಡೇ ಸೈ. ಇನ್ನೊಂದು ಮಾತು, ಸ್ವಲ್ಪ ದಾರಿ ತಪ್ಪಿದರೂ ಹೇಳಲೇಬೇಕು: ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಪ್ರತ್ಯೇಕ ಬ್ರೇಕ್ ಸರ್ಕ್ಯೂಟ್ ಕಡ್ಡಾಯವಾಯಿತು. ಅದಕ್ಕೆ ಮುಂಚಿನ ಬಹಳಷ್ಟು ಕಾರುಗಳಲ್ಲಿ ಒಂದು ಹೋಸ್ ಒಡೆದರೆ ನಾಲ್ಕು ಚಕ್ರದ ಬ್ರೇಕೂ ಹೋಗುತ್ತಿತ್ತು. ದುಡ್ಡು ಒಂದೇ ಕೆಲಸಕ್ಕೆ ಸಾಲುವುದಾದರೆ ಡಿಸ್ಕಿಗಿಂತ ಮೊದಲು ಜೋಡಿ ಸರ್ಕ್ಯೂಟಿನ ಸಿಲಿಂಡರ್ ಹಾಕಿಸುವುದು ಮೇಲು ಎಂದು ನನ್ನ ಅಭಿಪ್ರಾಯ.

ಮೂಲ ರೂಪ ಕೆಡುತ್ತದೆ ಎಂಬುದು ಮೂರನೇ ಆಕ್ಷೇಪ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿದ ಟ್ಯೂರಿನ್ ಸನ್ನದಿನ ಧೋರಣೆ, ಮಾಡಿದ ಬದಲಾವಣೆ ಮತ್ತೆ ಬಿಚ್ಚುವಂತಿರಬೇಕು, ತೆಗೆದ ಭಾಗ ಉಳಿದಿರಬೇಕು ಎಂಬುದು. ವಂಶದೊಳಗಿನ ಭಾಗಗಳು ಇಲ್ಲೇ ಗೆಲ್ಲುತ್ತವೆ: ಬೋಲ್ಟಿನಲ್ಲಿ ಕೂರುತ್ತವೆ, ಬೋಲ್ಟಿನಲ್ಲೇ ಹೊರಬರುತ್ತವೆ, ವೆಲ್ಡಿಂಗ್ ಕೇಳುವುದಿಲ್ಲ. ಭಾರತದಲ್ಲಿ 2021ರ ವಿಂಟೇಜ್ ವಾಹನ ನಿಯಮ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ. ಚಾಸಿ, ಬಾಡಿ, ಎಂಜಿನ್ ಬದಲಾವಣೆಯನ್ನು ಹೆಸರಿಸಿ ತಡೆಯುತ್ತದೆ. ಬ್ರೇಕನ್ನು ಹಾಗೆ ಹೆಸರಿಸಿಲ್ಲವಾದರೂ, ಸ್ಟಬ್ ಆಕ್ಸಲ್ಲಿಗೆ ಬ್ರ್ಯಾಕೆಟ್ ಬೆಸೆದ ಕಾರನ್ನು ಮೂಲ ರೂಪದ್ದೆಂದು ವಾದಿಸುವುದು ಕಷ್ಟ. ಬೆಸುಗೆ ಬಿಟ್ಟರೆ ಏನಾದೀತೆಂಬುದು ಕಾನೂನಿಗಿಂತ ದೊಡ್ಡ ಮಾತು.

ನಮ್ಮ ದೇಶದ ಕಾರುಗಳಿಗೆ ಈ ದಾರಿ ಎಷ್ಟು ದೂರ ಬರುತ್ತದೆ? ಇಟಲಿಯ ಫಿಯಟ್ 1100ಡಿಯನ್ನು ಬೊಂಬಾಯಿಯ ಕುರ್ಲಾದಲ್ಲಿ 1964ರಿಂದ ಕಟ್ಟಿದರು. ಅದೇ ಮುಂದೆ ಪ್ರೀಮಿಯರ್ ಪದ್ಮಿನಿ. ಇಟಲಿಯಲ್ಲಿ ಎರಡೇ ವರ್ಷಕ್ಕೆ, 1966ರಲ್ಲಿ, 1100ಆರ್ ಬಂತು, ಮುಂದೆ ಡಿಸ್ಕ್ ಬ್ರೇಕಿನೊಂದಿಗೆ. ಕುರ್ಲಾದಲ್ಲಿ ಡ್ರಮ್ಮೇ ಮುಂದುವರಿಯಿತು. ತಯಾರಿಸುವ ಶಕ್ತಿ ಇರಲಿಲ್ಲವೆಂದು ಹೇಳುವಂತಿಲ್ಲ; ಗಿರ್ಲಿಂಗ್ ನಂಟಿನ ಬ್ರೇಕ್ಸ್ ಇಂಡಿಯಾ ಕಂಪನಿ ಮದರಾಸಿನ ಪಾಡಿಯಲ್ಲಿ 1962ರಲ್ಲೇ ಶುರುವಾಗಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಗಿರಾಕಿಗಳಿದ್ದಾಗ, 1969ರಲ್ಲಿ ಸರಕಾರ ಕಾರಿನ ಬೆಲೆಗೂ ಕಡಿವಾಣ ಹಾಕಿದಾಗ, ಖರ್ಚಿನ ಬ್ರೇಕ್ ಹಾಕಲು ಕಂಪನಿಗೆ ಯಾವ ಒತ್ತಾಯವೂ ಇರಲಿಲ್ಲ ಎಂಬುದೇ ಹೆಚ್ಚು ಸರಿಯಾದ ಉತ್ತರ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪದ್ಮಿನಿಗೆ ಬ್ರೇಕ್ ಭಾಗ ಹುಡುಕುವವನ ಮುಂದೆ ಆದ್ದರಿಂದ ಎರಡು ದಾರಿ: ಬೇರೆ ಕುಲದ ಸಣ್ಣ ಕಾರಿನ ಕ್ಯಾಲಿಪರಿಗೆ ಬ್ರ್ಯಾಕೆಟ್ ಮಾಡಿಸುವುದು, ಇಲ್ಲವೆ 1100ಆರ್‌ನ ಹಬ್, ಡಿಸ್ಕ್, ಕ್ಯಾಲಿಪರ್ ಸೆಟ್ಟನ್ನು ಇಟಲಿಯಿಂದ ತರಿಸುವುದು. ಎರಡನೆಯದು ದುಬಾರಿ, ಆದರೆ ಫಿಯಟ್ಟಿನ ಎಂಜಿನಿಯರುಗಳು ಅದರ ಲೆಕ್ಕವನ್ನು ಈಗಾಗಲೇ ಮಾಡಿಟ್ಟಿದ್ದಾರೆ. ಅಂಬಾಸಿಡರ್ ಮಾಲೀಕರ ಅದೃಷ್ಟ ಇದಕ್ಕಿಂತ ಚೆನ್ನಾಗಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ಕ್ಕೆ ಡಿಸ್ಕ್ ಬರದಿದ್ದರೂ, 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಅದರ ಭಾರತೀಯ ಸಂತಾನದ ಕೊನೆಯ ತಲೆಮಾರಿಗೆ ಮುಂದಿನ ಡಿಸ್ಕ್, ಬೂಸ್ಟರ್ ಎರಡೂ ಬಂದವು. 1960ರ ದಶಕದ ಕಾರಿನವರು ಭಾಗ ಹುಡುಕಬೇಕಾದದ್ದು ಅಲ್ಲೇ, ಬೂಸ್ಟರ್ ಮತ್ತು ಮಾಸ್ಟರ್ ಸಿಲಿಂಡರ್ ಸಮೇತ ಒಂದೇ ಕಾರಿನಿಂದ. ಮೈನರಿನ ಭಾರತೀಯ ರೂಪವಾದ ಬೇಬಿ ಹಿಂದುಸ್ತಾನ್ ಇಟ್ಟುಕೊಂಡವರು ಮಾತ್ರ 918 ಸಿಸಿಯ ಆ ಎಂಜಿನ್ ಎಷ್ಟು ಓಡೀತೆಂದು ನೋಡಿ, ಡ್ರಮ್ಮನ್ನು ಲೇತಿಗೆ ಹಾಕಿಸಿ, ಹೊಸ ಲೈನರ್, ವೀಲ್ ಸಿಲಿಂಡರ್ ರಬ್ಬರ್ ಮತ್ತು ಹೋಸ್ ಹಾಕಿಸಿಕೊಂಡರೆ ಸಾಕು.